ಅಕ್ಕನ ದಾರಿಬುತ್ತಿ

ಮಾರ್ಚ್ 24, ಸೋಮವಾರ

ಬೆಳಿಗ್ಗೆ ಆರಕ್ಕೆ ರಾಯದುರ್ಗ ಬಿಟ್ಟು, ಕಲ್ಯಾಣದುರ್ಗದಲ್ಲೊಮ್ಮೆ, ಪಾವಗಡದಲ್ಲೊಮ್ಮೆ ಬಸ್ಸು ಬದಲಿಸಿ ಮಡಕಶಿರಾ ತಲುಪಿದಾಗ ಹನ್ನೆರಡೂವರೆ. ಬದಲಿಸಿದ ಎರಡೂ ಕಡೆ ವಾಪಸ್ಸು ಹೋಗುವ ಬಸ್ಸು ಎಲ್ಲಿದೆ ಎಂದು ಮೊದಲು ನೋಡಿದೆ. ಅಕ್ಕ ಮನೆ ಬಿಟ್ಟು ಇಪ್ಪತ್ತನಾಲ್ಕು ವರ್ಷ. ಅವಳ ಮನೆಯ ಹೊಸಲು ತುಳಿದದ್ದು ಇವತ್ತೇ ಮೊದಲು.

ಬಾಗಿಲು ತೆಗೆದವಳು ಪಕ್ಕದ ಮನೆಯ ವನಿತಾ. ಅಂಗನವಾಡಿ ಟೀಚರು, ಅಕ್ಕ ಹೋಗುವ ಚರ್ಚಿಗೇ ಹೋಗುವವಳು; ಇಲ್ಲಿ ಅದನ್ನು ಗುಡಿ ಎನ್ನುತ್ತಾರೆ. ಫೋನು ಮಾಡಿ ನನ್ನನ್ನು ಕರೆಸಿದ್ದೂ ಅವಳೇ. "ಯಾರ್ನ ಕರೀಲಿ ಅಂದ್ರೆ ನಿಮ್ಮ ಹೆಸ್ರು ಒಂದೇ ಹೇಳಿದ್ದು ಕಣಕ್ಕ" ಎಂದಳು.

ಮಂಚದ ಮೇಲೆ ಇರುವುದು ಅಕ್ಕನೇ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಅನ್ನನಾಳದ ಕ್ಯಾನ್ಸರು. ಬೆಂಗಳೂರಿನ ಡಾಕ್ಟರು ಇನ್ನು ಮಾಡುವುದೇನಿಲ್ಲ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದು ಕಳಿಸಿದ್ದಾರೆ. ಗಂಜಿ, ಎಳನೀರು ಮಾತ್ರ ಇಳಿಯುತ್ತದೆ. ಭಾವ ಇನ್ನಾಸಪ್ಪ ತೀರಿಕೊಂಡು ನಾಲ್ಕು ವರ್ಷ. ಮಕ್ಕಳಿಲ್ಲ. ಇಲ್ಲಿ ಯಾರಿಗೂ ಆದಿಲಕ್ಷ್ಮಿ ಗೊತ್ತಿಲ್ಲ. ಮದುವೆಗೆಂದು ಕ್ರೈಸ್ತಳಾದ ಮೇಲೆ ಎಲ್ಲರಿಗೂ ಅವಳು ತೆರೇಸಮ್ಮ.

ಬಂದವಳೇ ಕಸ ಗುಡಿಸಿದೆ, ನೀರು ತುಂಬಿದೆ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ. "ಒಂದ್ಗಳಿಗೆ ಕುಂತ್ಕಳೇ ವೇಣಿ" ಎಂದಳು ಅಕ್ಕ. ಅವಳ ಮಾತೂ ಈ ಕಡೆಯದಾಗಿಬಿಟ್ಟಿದೆ. ಕುಂತೆ. ಮತ್ತೆ ಎದ್ದೆ.

ಮಾರ್ಚ್ 26, ಬುಧವಾರ

ಗೋಡೆಯ ಮೇಲೆ ಶಿಲುಬೆ, ಪಕ್ಕದಲ್ಲಿ ಮಾತೆಯ ಪಟ. ಎಲ್ಲಿ ನಿಂತರೂ ಅವು ಕಣ್ಣಿಗೆ ಬೀಳುತ್ತವೆ. ಅಡುಗೆಮನೆಯಲ್ಲಿ ಮಾತ್ರ ಬೀಳುವುದಿಲ್ಲ. ಹಾಗಾಗಿ ಅಲ್ಲೇ ಹೆಚ್ಚು ಇರುತ್ತೇನೆ.

ಮಧ್ಯಾಹ್ನ ಅಕ್ಕ ಕರೆದು, "ಫಾದರ್‌ಗೆ ಒಂದು ಫೋನ್ ಮಾಡು. ಬಂದು ಎಣ್ಣೆ ಹಚ್ಚಿ ಹೋಗ್ಲಿ" ಎಂದಳು. ನಂಬರು ಅವಳ ಫೋನಿನಲ್ಲೇ ಇದೆ. ಫಾದರ್ ರಾಯಪ್ಪ. ಇರುವುದು ಹಿಂದೂಪುರದಲ್ಲಂತೆ. ಇಲ್ಲಿಯ ಚಿಕ್ಕ ಗುಡಿಗೆ ಬಂದು ಪೂಜೆ ಮಾಡಿ ಹೋಗುತ್ತಾರೆ.

ಎಣ್ಣೆ ಎಂದರೇನು ಎಂದು ವನಿತಾಳನ್ನು ಕೇಳಿದೆ. ಕಾಯಿಲೆ ಜಾಸ್ತಿಯಾದವರಿಗೆ ಫಾದರ್ ಬಂದು ಹಣೆಗೂ ಅಂಗೈಗೂ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡುತ್ತಾರಂತೆ. ನನಗೆ ಅರ್ಥವಾಯಿತು. ನಮ್ಮಲ್ಲಿ ಬಾಯಿಗೆ ತುಳಸಿ ನೀರು ಬಿಟ್ಟ ಹಾಗೆ. ಬಿಟ್ಟ ಮೇಲೆ ಯಾರಾದರೂ ಎದ್ದು ಕೂತದ್ದು ನಾನು ಕಂಡಿಲ್ಲ.

ಫೋನು ಹಿಡಿದು ಹಿತ್ತಿಲಿಗೆ ಹೋದೆ. ಸುಮ್ಮನೆ ನಿಂತು ಒಳಗೆ ಬಂದೆ. "ಹತ್ತಲಿಲ್ಲ ಅಕ್ಕ" ಎಂದೆ.

ಮಾರ್ಚ್ 30, ಭಾನುವಾರ

ಯುಗಾದಿ. ಊರಿನಿಂದ ಗಂಡ ಗೋಪಣ್ಣ ಫೋನು ಮಾಡಿ, ಬೇವುಬೆಲ್ಲಕ್ಕೆ ಬೆಲ್ಲ ಯಾವ ಡಬ್ಬಿಯಲ್ಲಿದೆ, ನೀನು ಹೊಲಿಯಬೇಕಿದ್ದ ಜೀನ್ಸಿನ ಕಟ್ಟು ಯಾವಾಗ ವಾಪಸ್ಸು ಕಳಿಸಲಿ ಎಂದೆಲ್ಲ ಕೇಳಿದ. ನಾನು ಹೇಗಿದ್ದೇನೆ ಎಂದು ಕೇಳಲಿಲ್ಲ. ನಮ್ಮಣ್ಣ ಶಿವರಾಮಣ್ಣನಿಗೆ ನಾನು ಎಲ್ಲಿದ್ದೇನೆ ಎಂದು ಹೇಳಿದ್ದೀಯಾ ಅಂದರೆ, "ಕಡಪಕ್ಕ ಹೋಗ್ಯಾಳ ಅಂತ ಹೇಳೀನಿ" ಎಂದ. ಅಣ್ಣನ ಮುಂದೆ ಅಕ್ಕನ ಹೆಸರು ಎತ್ತುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಅಕ್ಕ ಎರಡನೇ ಸಲ ಫಾದರ್ ವಿಷಯ ಎತ್ತಿದಳು. ಊರಲ್ಲಿಲ್ಲವಂತೆ ಎಂದೆ.

ಏಪ್ರಿಲ್ 2, ಬುಧವಾರ

ಮೂರನೇ ಸಲ. ಮತ್ತೊಂದು ಸುಳ್ಳು ಹೇಳಿದೆ. ಸಲಕ್ಕೊಂದು ಕಾರಣ ಹುಡುಕಿ ತಲೆ ಸಿಡಿಯುತ್ತಿದೆ. ಎಣ್ಣೆ ಹಚ್ಚದಿದ್ದರೆ ಅಕ್ಕ ಉಳಿಯುತ್ತಾಳೆಯೇ? ಇಲ್ಲ, ನನಗೆ ಗೊತ್ತು. ಆದರೂ ನನ್ನ ಕೈಯಿಂದ ಆ ಫೋನು ಹೋಗುವುದು ಬೇಡ.

ಏಪ್ರಿಲ್ 5, ಶನಿವಾರ

ತಲೆ ಬಾಚುತ್ತಿದ್ದೆ. ಅಕ್ಕ ಗೋಡೆ ನೋಡುತ್ತ, "ಬಿಡೇ ವೇಣಿ, ಇನ್ನು ಫೋನ್ ಮಾಡಬ್ಯಾಡ. ಅವರಿಗೂ ನಾನು ಬ್ಯಾಡ್ವೇನೋ. ಅಪ್ಪನೇ ಸಾಯೋವಾಗ ನನ್ನ ಮುಖ ನೋಡಲ್ಲ ಅಂದ. ಹೆತ್ತೋನಿಗೆ ಬ್ಯಾಡಾದೋಳು ದೇವರಿಗೆ ಯಾಕೆ ಬೇಕು" ಎಂದಳು.

ಬಾಚಣಿಗೆ ಕೈಯಲ್ಲೇ ಉಳಿಯಿತು.

ಎದ್ದು ಹಿತ್ತಿಲಿಗೆ ಹೋಗಿ ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿದರು. ಮಂಗಳವಾರ ಬರುತ್ತೇನೆ ಎಂದರು. ಇಷ್ಟು ದಿನ ಯಾಕೆ ತಿಳಿಸಲಿಲ್ಲ ಎಂದೂ ಕೇಳಲಿಲ್ಲ. ಒಳಗೆ ಹೋಗಿ ಅಕ್ಕನಿಗೆ ಹೇಳಿ, ಅರ್ಧಕ್ಕೆ ಬಿಟ್ಟ ತಲೆ ಬಾಚಿ ಮುಗಿಸಿದೆ.

ಏಪ್ರಿಲ್ 8, ಮಂಗಳವಾರ

ವನಿತಾ ಹೇಳಿದ ಹಾಗೆ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಶಿಲುಬೆ ಇಟ್ಟು, ಎರಡು ಮೇಣದಬತ್ತಿ ಹಚ್ಚಿದೆ. ಒಂದು ಲೋಟ ನೀರು, ಚಮಚ. ಹತ್ತು ಗಂಟೆಗೆ ಫಾದರ್ ಮೋಟರ್‌ಬೈಕಿನಲ್ಲಿ ಬಂದರು. ಅರವತ್ತರ ಹತ್ತಿರದ ಮನುಷ್ಯ, ತೆಲುಗಿನವರು. ಕನ್ನಡ ಹುಡುಕಿ ಹುಡುಕಿ ಮಾತಾಡುತ್ತಾರೆ. ನನ್ನ ಮುಖ ನೋಡಿಯೇ ಏನೋ ಗೊತ್ತಾದಂತೆ, "ಭಯಪಡಬೇಡಿ ಅಮ್ಮಾ. ಇದು ಸಾವನ್ನ ಕರೆಯೋ ಎಣ್ಣೆ ಅಲ್ಲ. ರೋಗಂ ಇರೋರಿಗೆ ಧೈರ್ಯಂ ಕೊಡೋದು. ಹಚ್ಚಿಸಿಕೊಂಡು ಬಾಗಾದೋರು, ವಾಸಿಯಾದೋರು, ಎಷ್ಟೋ ಜನ ಇದಾರೆ" ಎಂದರು. ನಂಬಲಿಲ್ಲ. ತಲೆ ಮಾತ್ರ ಆಡಿಸಿದೆ.

ಮೊದಲು ಪಾಪನಿವೇದನೆ. ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಮುಂದಕ್ಕೆ ಎಳೆದರು. ವನಿತಾ ಜಪಸರ ಹಿಡಿದು ಕೂತಳು. ನನಗೆ ಕೂರಲು ಆಗಲಿಲ್ಲ. ಬಾಗಿಲಿನಿಂದ ಬೇಲಿಯವರೆಗೆ, ಬೇಲಿಯಿಂದ ಬಾಗಿಲವರೆಗೆ. ಒಳಗೆ ಅಕ್ಕನ ದನಿ ಸಣ್ಣಗೆ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ನನ್ನ ವಿಷಯ ಹೇಳುತ್ತಿದ್ದಾಳೆಯೇ? ಅವಳಿಗೆ ಗೊತ್ತಿಲ್ಲದ್ದನ್ನು ಹೇಗೆ ಹೇಳುತ್ತಾಳೆ?

ಕರೆದ ಮೇಲೆ ಒಳಗೆ ಹೋದೆವು. ಫಾದರ್ ಎರಡೂ ಕೈ ಅವಳ ತಲೆಯ ಮೇಲಿಟ್ಟು ಎಷ್ಟೋ ಹೊತ್ತು ಸುಮ್ಮನೆ ನಿಂತರು. ಮಂತ್ರವಿಲ್ಲ, ಮಾತಿಲ್ಲ. ಆಮೇಲೆ ಪುಟ್ಟ ಡಬ್ಬಿಯಿಂದ ಎಣ್ಣೆ ತೆಗೆದು ಹಣೆಗೆ, ಒಂದು ಅಂಗೈಗೆ, ಇನ್ನೊಂದು ಅಂಗೈಗೆ. ಅಕ್ಕ ಅಂಗೈಗಳನ್ನು ಮಗು ಚಾಚಿದ ಹಾಗೆ ಚಾಚಿದಳು. ಇಟ್ಟಿಗೆ ಹೊತ್ತು, ಗಾರೆ ಕಲಸಿ ಒಡೆದ ಕೈಗಳು. ಕೊನೆಗೆ ಪರಮ ಪ್ರಸಾದ. ರೊಟ್ಟಿಯ ಚೂರು, ಹಿಂದೆಯೇ ಒಂದು ಚಮಚ ನೀರು. ನಿಧಾನಕ್ಕೆ ಇಳಿಯಿತು.

ಫಾದರ್ ಬೈಕು ಹತ್ತುವಾಗ ಹಿಂದೆಯೇ ಹೋಗಿ ಕೇಳಿದೆ, "ಅಕ್ಕ ಏನಂದ್ಲು?" ಅವರು ನಕ್ಕು, "ಅದು ನಾನು ಮರ್ತುಬಿಟ್ಟೆ ಅಮ್ಮಾ" ಎಂದರು.

ಏಪ್ರಿಲ್ 11, ಶುಕ್ರವಾರ

ಮೂರು ದಿನದಿಂದ ಅಕ್ಕ ಚೆನ್ನಾಗಿದ್ದಾಳೆ. ನಿನ್ನೆ ರಾಗಿ ಗಂಜಿ ಎರಡು ಲೋಟ ಕುಡಿದಳು. ದಿಂಬಿಗೆ ಒರಗಿ ಕೂತು, ಇನ್ನಾಸಪ್ಪ ಭಾವ ರಾಯದುರ್ಗದಲ್ಲಿ ಸ್ಕೂಲು ಕಟ್ಟಡದ ಗಾರೆ ಕೆಲಸಕ್ಕೆ ಬಂದಾಗ ಇವಳು ನೀರು ಕೊಟ್ಟ ಕಥೆ ಹೇಳಿದಳು. ಇಬ್ಬರೂ ನಕ್ಕೆವು. ಎಣ್ಣೆಯ ಬಗ್ಗೆ ನಾನು ಅಂದುಕೊಂಡದ್ದು ತಪ್ಪೇನೋ.

ನಕ್ಕು ಮುಗಿದ ಮೇಲೆ ಅವಳೇ ಹೇಳಿದಳು. "ಫಾದರ್ ಮುಂದೆ ಪ್ರತಿ ಸಲ ಒಂದೇ ಪಾಪ ಹೇಳ್ತೀನಿ ಕಣೇ. ಹದಿನಾಲ್ಕು ವರ್ಷದಿಂದ. ಅಪ್ಪನ್ನ ಕೊರಗಿಸಿ ಸಾಯಿಸಿದೆ ಅಂತ. ಅವರು ಕ್ಷಮೆ ಆಯ್ತು, ಹೋಗು ಅಂತಾರೆ. ನಾನು ಮತ್ತೆ ಹೋಗಿ ಅದನ್ನೇ ಹೇಳ್ತೀನಿ. ಅಪ್ಪನ ಕ್ಷಮೆ ಸಿಗಲಿಲ್ಲವಲ್ಲ."

ನಾನು ಗಂಜಿ ಲೋಟ ತೊಳೆಯಲು ಎದ್ದುಹೋದೆ.

ಇದನ್ನು ಯಾರಿಗೂ ಹೇಳಿಲ್ಲ. ಇಲ್ಲಾದರೂ ಬರೆಯುತ್ತೇನೆ. ಅಪ್ಪ ಹಾಗೆ ಹೇಳಲೇ ಇಲ್ಲ. ಲಕ್ವ ಹೊಡೆದು ಎರಡು ವರ್ಷ ಮಲಗಿದ್ದ. ಶಿವರಾಮಣ್ಣನ ಮನೆಗೆ ದಿನಾ ಹೋಗಿ ಹೇಲು ಉಚ್ಚೆ ಬಳಿದವಳು ನಾನು. ಕೊನೆಯ ವಾರ ಅವನು ಕರೆದದ್ದು ಅವಳನ್ನು. ಅವಳು ಫೋನು ಮಾಡಿ ಬರಲಾ ಎಂದು ಕೇಳಿದಾಗ, ನಿನ್ನ ಮುಖ ನೋಡಲ್ಲ ಅಂದಾನೆ ಎಂದೆ. ಅಪ್ಪನಿಗೆ, ಹೇಳಿ ಕಳಿಸಿದೆ, ಅಕ್ಕ ಬರಲ್ಲ ಅಂದಳು ಎಂದೆ. ಅಣ್ಣ ರಂಪ ಮಾಡುತ್ತಾನೆ ಎನ್ನುವ ಹೆದರಿಕೆ ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಹೆದರಿಕೆ ಅರ್ಧ. ಇನ್ನರ್ಧ ಹೊಟ್ಟೆಕಿಚ್ಚು.

ಏಪ್ರಿಲ್ 12, ಶನಿವಾರ

ಹೇಳಿಬಿಟ್ಟೆ.

ಬೆಳಿಗ್ಗೆ ಮೈ ಒರೆಸುತ್ತ, ಬೆನ್ನ ಹಿಂದೆ ನಿಂತು ಹೇಳಿದೆ. ಮುಖ ನೋಡಿ ಹೇಳಲು ಆಗಲಿಲ್ಲ. ಅಕ್ಕನ ಬೆನ್ನು ಬಿಗಿಯಾಯಿತು. ಆಮೇಲೆ ಬಂದ ಮಾತು ಇಲ್ಲಿಯದಲ್ಲ, ನಮ್ಮೂರಿನದು. "ಹದಿನಾಕು ವರ್ಷ ವೇಣಿ. ಹದಿನಾಕು ವರ್ಷ ಅಪ್ಪ ಬ್ಯಾಡಂದ ಅಂತ ತಿಳಕಂಡು ಬದುಕೀನಿ. ಹೊರಾಗ ಹೋಗು. ನಿನ್ನ ಕೈಲಿ ನನ್ನ ಮುಟ್ಟಬ್ಯಾಡ."

ಹಿತ್ತಿಲಲ್ಲಿ ಕೂತಿದ್ದೇನೆ. ಒಳಗೆ ವನಿತಾ ಇದ್ದಾಳೆ.

ಏಪ್ರಿಲ್ 13, ಭಾನುವಾರ

ಇವರಿಗೆ ಗರಿಗಳ ಹಬ್ಬ, ಗುಡಿಗೆ ಹೋಗಿ ಬಂದವರ ಕೈಯಲ್ಲೆಲ್ಲ ಹಸಿ ಗರಿ. ಪೂಜೆ ಮುಗಿಸಿ ಫಾದರ್ ಪ್ರಸಾದ ತೆಗೆದುಕೊಂಡು ನೇರ ಇಲ್ಲಿಗೆ ಬಂದರು. ಅಕ್ಕ ಬೇಡ ಎಂದಳು. "ಹೊಟ್ಟ್ಯಾಗ ಬೆಂಕಿ ಇಟ್ಕಂಡು ಅದನ್ನ ನುಂಗಕ್ಕಾಗಲ್ಲ ಫಾದರ್. ನನ್ನ ಬಾಯಾಗ ಪ್ರಾರ್ಥನೇನೂ ಬರ್ತಿಲ್ಲ."

ವನಿತಾ ಆಮೇಲೆ ಹೇಳಿದಳು. ಸಂಜೆ ಹೇಳುವ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುತ್ತೇವೆ ಎನ್ನುವ ಒಂದು ಮಾತಿದೆ. ನಿನ್ನೆ ಸಂಜೆ ಅಕ್ಕ ಅಲ್ಲಿಗೆ ಬಂದು ಬಾಯಿ ಮುಚ್ಚಿದಳಂತೆ.

ಫಾದರ್ ಒತ್ತಾಯ ಮಾಡಲಿಲ್ಲ. ಈ ವಾರ ಬಿಷಪ್ಪರ ಹತ್ತಿರ ಎಲ್ಲ ಫಾದರ್‌ಗಳೂ ಸೇರಿ ವರ್ಷದ ಎಣ್ಣೆ ಮಂತ್ರಿಸುವುದಿದೆಯಂತೆ, ಹೋಗಲೇಬೇಕು. ಗುರುವಾರ ಬರುತ್ತೇನೆ ಎಂದರು. ಹೊರಗೆ ನನ್ನನ್ನು ಕರೆದು, "ಗಂಟಲು ಮುಚ್ಚುತಾ ಇದೆ ಅಮ್ಮಾ. ಗುರುವಾರಕ್ಕೆ ನುಂಗೋದು ಆಗುತ್ತೋ ಇಲ್ಲವೋ" ಎಂದರು.

ನಾನು ಮಾಡಿದ್ದು ಇದು. ಒಮ್ಮೆ ಸುಳ್ಳು ಹೇಳಿ ಅಪ್ಪನನ್ನು ಅವಳಿಂದ ತಪ್ಪಿಸಿದೆ. ಈಗ ನಿಜ ಹೇಳಿ ಅವಳ ದೇವರನ್ನೂ ತಪ್ಪಿಸಿದೆ.

ಏಪ್ರಿಲ್ 14, ಸೋಮವಾರ

ಬ್ಯಾಗು ತುಂಬಿಕೊಂಡು ಬಸ್‌ಸ್ಟಾಂಡಿಗೆ ಹೋದೆ. ಪಾವಗಡದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟೂ ಸಿಕ್ಕಿತು. ಕಂಡಕ್ಟರು ಬಂದು ಎಲ್ಲಿಗಮ್ಮ ಎಂದ. ಇಳಿದುಬಿಟ್ಟೆ. ಮನೆಯಲ್ಲಿ ಯಾರಿಗೂ ನಾನು ಹೋದದ್ದೂ ಗೊತ್ತಿಲ್ಲ, ಬಂದದ್ದೂ ಗೊತ್ತಿಲ್ಲ.

ಏಪ್ರಿಲ್ 15, ಮಂಗಳವಾರ

ಇಡೀ ದಿನ ಎಳನೀರು ಅರ್ಧ ಲೋಟ. ವನಿತಾ ಕುಡಿಸಿದರೆ ಮಾತ್ರ.

ಏಪ್ರಿಲ್ 16, ಬುಧವಾರ

ವನಿತಾ ಕೆಲಸಕ್ಕೆ ಹೋದ ಮೇಲೆ ಅಕ್ಕ ಕೈಸನ್ನೆ ಮಾಡಿ ಕರೆದಳು. ದನಿ ಬಹಳ ಸಣ್ಣಗಾಗಿದೆ. ಕಿವಿ ಹತ್ತಿರ ಒಯ್ಯಬೇಕು.

"ಅಪ್ಪ ಕಡೀಗೆ ಏನು ತಿಂದ?"

"ಬಾಳೆಹಣ್ಣು ಕಿವುಚಿ ಕೊಟ್ಟಿದ್ದೆ. ಎರಡು ತುತ್ತು."

"ಯಾರು ಇದ್ರು?"

"ನಾನು. ಅಣ್ಣ ಅಂಗಡಿಗೆ ಹೋಗಿದ್ದ."

"ನನ್ನ ಹೆಸರು ಹೆಂಗ ಕರದ?"

ಎಲ್ಲ ಹೇಳಿದೆ. ಅಪ್ಪನ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಆದಿ ಎನ್ನುವುದು ಹಾದಿ ಎಂದು ಕೇಳಿಸುತ್ತಿತ್ತು. ಯಾರ ಹೆಜ್ಜೆ ಸದ್ದಾದರೂ ಆದಿ ಬಂದ್ಲಾ ಎನ್ನುತ್ತಿದ್ದ. ಕೊನೆಯ ದಿನ, ನಾನು ಅವಳು ಬರಲ್ಲ ಎಂದು ಹೇಳಿದ ಮೇಲೂ, "ಬಿಸಿಲಾಗ ಬರ್ತಾಳ. ಮಜ್ಜಿಗಿ ಇಟ್ಟಿರ್ರಿ" ಎಂದ. ನನ್ನ ಮಾತನ್ನು ಅವನು ನಂಬಲೇ ಇಲ್ಲ.

"ಇನ್ನೊಂದು ಸಲ ಹೇಳು" ಎಂದಳು. ಹೇಳಿದೆ. ಮತ್ತೆ ಕೇಳಿದಳು. ಮೂರು ಸಲ ಹೇಳಿಸಿದಳು. ಕಣ್ಣು ಮುಚ್ಚಿಕೊಂಡಳು, ರೆಪ್ಪೆಯ ಸಂದಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಒರೆಸಲೋ ಬೇಡವೋ ಗೊತ್ತಾಗದೆ ಕೈ ಹಿಂದಕ್ಕೆ ತೆಗೆದುಕೊಂಡೆ. ಅವಳೇ ನನ್ನ ಸೆರಗು ಎಳೆದು ಒರೆಸಿಕೊಂಡಳು.

"ನನಗ ಸಿಟ್ಟು ಇನ್ನಾ ಹೋಗಿಲ್ಲ" ಎಂದಳು. "ಆದ್ರ ನೀ ಹೊರಾಗ ಹೋಗಬ್ಯಾಡ. ಇಲ್ಲೇ ಕುಂದ್ರು."

ವನಿತಾ ಬರುವವರೆಗೆ ಕುಂತಿದ್ದೆ.

ಏಪ್ರಿಲ್ 17, ಗುರುವಾರ

ಮಧ್ಯಾಹ್ನ ಫಾದರ್ ಬಂದರು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಸಂಜೆ ಗುಡಿಯಲ್ಲಿ ದೊಡ್ಡ ಪೂಜೆ, ಅದಕ್ಕೂ ಮೊದಲು ಇಲ್ಲಿಗೆ ಎಂದರು. ಅಕ್ಕ ನನ್ನ ಕಡೆ ಬೆರಳು ತೋರಿಸಿ ಕೇಳಿದಳು, "ಸಿಟ್ಟು ಪೂರ್ತಿ ಹೋಗಿಲ್ಲ. ತಗೋಬಹುದಾ?"

"ಪೂರ್ತಿ ಹೋದ ಮೇಲೇ ಅಂದ್ರೆ, ನಾನೂ ಒಂದಿನಾನೂ ತಗೋಳೋ ಹಾಗಿಲ್ಲ ಅಮ್ಮಾ" ಎಂದರು. "ಹೋಗಲಿ ಅಂತ ಮನಸ್ಸು ಇದೆಯಾ?"

ಅಕ್ಕ ಹೌದೆಂದು ತಲೆ ಆಡಿಸಿದಳು.

ಇಷ್ಟೇ ಇಷ್ಟು, ಸಾಸಿವೆಯಷ್ಟು ಚೂರು ಮುರಿದು ಚಮಚದ ನೀರಿನಲ್ಲಿಟ್ಟರು. ಫಾದರ್ ಅದನ್ನು ತುಟಿಗೆ ಹಿಡಿಯುವಾಗ ಅವಳ ತಲೆ ಎತ್ತಿ ಹಿಡಿಯಲು ನನ್ನನ್ನೇ ಕರೆದಳು, ವನಿತಾಳನ್ನಲ್ಲ. ನನ್ನ ಮೊಣಕೈಯೊಳಗೆ ಅವಳ ತಲೆ. ತೂಕವೇ ಇರಲಿಲ್ಲ. ಗಂಟಲು ಒಮ್ಮೆ ಮೇಲೆ ಹೋಗಿ ನಿಂತಿತು. ಕೆಮ್ಮಿದಳು. ಚೂರು ಹೊರಗೆ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಇಳಿಯಿತು.

ಸಾಯುವವರಿಗೆ ಕೊನೆಯದಾಗಿ ಕೊಡುವ ಪ್ರಸಾದಕ್ಕೆ ದಾರಿಬುತ್ತಿ ಎನ್ನುತ್ತಾರೆ ಎಂದು ವನಿತಾ ಹೇಳಿದಳು. ಫಾದರ್ ಹೋಗುವಾಗ ನನ್ನ ತಲೆಯ ಮೇಲೂ ಕೈಯಿಟ್ಟರು. ತಲೆ ತಗ್ಗಿಸಿದೆ.

ಏಪ್ರಿಲ್ 18, ಶುಕ್ರವಾರ

ಅಕ್ಕ ಹೋದಳು. ಮಧ್ಯಾಹ್ನ ಮೂರೂಕಾಲು.

ಯೇಸು ಸತ್ತ ದಿನವೆಂದು ಊರಿನ ಕ್ರೈಸ್ತರೆಲ್ಲ ಗುಡಿಯಲ್ಲಿದ್ದರು. ನಾನಿರುತ್ತೇನೆ, ನೀನು ಹೋಗು ಎಂದು ವನಿತಾಳನ್ನು ಕಳಿಸಿದವಳು ನಾನೇ. ಹೋಗುವಾಗ ಅವಳು ಪ್ರಾರ್ಥನೆಯ ಪುಸ್ತಕ ಕೊಟ್ಟು, ಒಂದು ಪುಟಕ್ಕೆ ಭಾನುವಾರದ ಗರಿ ಸಿಕ್ಕಿಸಿ, "ಉಸ್ರು ಬದ್ಲಾದ್ರೆ ಇದನ್ನ ಗಟ್ಟಿಯಾಗಿ ಓದಕ್ಕ. ಯಾರು ಓದಿದ್ರೂ ಆಯ್ತದೆ" ಎಂದಿದ್ದಳು.

ಎರಡೂವರೆಗೆ ಬದಲಾಯಿತು. ಒಂದು ಉಸಿರು, ಆಮೇಲೆ ಉದ್ದಕ್ಕೆ ಏನೂ ಇಲ್ಲ, ಮತ್ತೊಂದು. ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಓಡಿಹೋಗಿ ಕರೆದು ಬರೋಣವೆಂದು ಬಾಗಿಲವರೆಗೆ ಹೋದೆ. ಹೊರಾಗ ಹೋಗಬ್ಯಾಡ ಎಂದಿದ್ದಳಲ್ಲ. ತಿರುಗಿ ಬಂದು ಮಂಚದ ಪಕ್ಕ ನೆಲಕ್ಕೆ ಮಂಡಿಯೂರಿ ಪುಸ್ತಕ ತೆಗೆದೆ.

ಅದರಲ್ಲಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುವುದು. ಹೊರಟವಳಿಗೆ ಎದುರು ಬನ್ನಿ, ಕರೆದುಕೊಂಡು ಹೋಗಿ ಎನ್ನುವುದು. ದೂತರು, ಸಂತರು, ನಾನು ಯಾವತ್ತೂ ಕೇಳದ ಹೆಸರುಗಳು. ನಾಲಿಗೆ ತೊಡರಿತು. ತಪ್ಪಿದರೆ ಮತ್ತೆ ಮೊದಲಿಂದ ಓದಿದೆ. ಅಕ್ಕನ ಕೈ ಹಿಡಿದಿದ್ದೆ, ಅದು ಆಗೊಮ್ಮೆ ಈಗೊಮ್ಮೆ ಅದುಮುತ್ತಿತ್ತು. ಹೆಸರುಗಳ ಪಟ್ಟಿ ಮುಗಿಯಿತು. ಅವಳ ಉಸಿರು ಇನ್ನೂ ಇತ್ತು. ಇಷ್ಟು ಜನರಲ್ಲಿ ಅವಳ ಗುರುತಿನವರು ಯಾರೂ ಇಲ್ಲವಲ್ಲ ಅನ್ನಿಸಿತು. ಪುಸ್ತಕದಲ್ಲಿ ಇಲ್ಲದ್ದನ್ನು ನಾನೇ ಸೇರಿಸಿದೆ. "ಇನ್ನಾಸಪ್ಪ ಭಾವ, ಎದುರಿಗೆ ಬಾ" ಎಂದೆ. "ರಾಯದುರ್ಗದ ಪೆದ್ದಣ್ಣ, ಅಪ್ಪಾ, ಎದುರಿಗೆ ಬಾ. ಆದಿ ಬರ್ತಿದಾಳ. ನಾನು ತಡದಿದ್ದೆ. ಈಗ ಬರ್ತಿದಾಳ."

ಕೈ ಒಮ್ಮೆ ಅದುಮಿತು. ಆಮೇಲೆ ಇಲ್ಲ.

ಇವತ್ತು ಮತ್ತು ನಾಳೆ ಗಂಟೆ ಬಾರಿಸುವಂತಿಲ್ಲವಂತೆ. ಮರದ ಪಟಪಟಿ ಆಡಿಸಿ ಊರಿಗೆ ತಿಳಿಸಿದರು.

ಏಪ್ರಿಲ್ 19, ಶನಿವಾರ

ನಿನ್ನೆಯೇ ಶಿವರಾಮಣ್ಣನಿಗೆ ಫೋನು ಮಾಡಿದ್ದೆ. ಎಲ್ಲಿದ್ದೇನೆ, ಯಾಕಿದ್ದೇನೆ ಎಂದು ಹೇಳಿದೆ. ಬರುತ್ತಾನೆ ಎಂದುಕೊಂಡಿರಲಿಲ್ಲ. ಹನ್ನೊಂದರ ಬಸ್ಸಿಗೆ ಬಂದ. ಇಳಿದವನೇ, "ಮಣ್ಣು ಹಾಕಾಕ ಬಂದಿಲ್ಲ. ನಿನ್ನ ಕರ್ಕಂಡು ಹೋಗಾಕ ಬಂದೀನಿ. ಅಪ್ಪ ಸಾಯೋವಾಗ ಬರದಿದ್ದಾಕಿಗೆ ನಾವ್ಯಾಕ ಬರಬೇಕು?" ಎಂದ.

ಬಸ್‌ಸ್ಟಾಂಡಿನ ಬೇವಿನ ಮರದ ಕೆಳಗೆ ನಿಂತು, ಮುಖ ನೋಡಿಯೇ ಹೇಳಿದೆ. ಅವಳು ಬರಲಾ ಎಂದು ಕೇಳಿದ್ದು, ನಾನು ಬೇಡವೆಂದದ್ದು, ಅಪ್ಪನಿಗೆ ಬೇರೆ ಹೇಳಿದ್ದು. ಯಾಕೆ ಎಂಬುದನ್ನೂ ಹೇಳಿದೆ.

ಅಣ್ಣ ಕೇಳಿದ್ದು ಒಂದೇ. "ಇದನ್ನ ಆಕಿಗೆ ಹೇಳಿದೇನು?"

"ಹೇಳಿದೆ."

ಅವನು ನನ್ನನ್ನು ದಾಟಿ ನಡೆದ. ಮನೆ ಯಾವುದು ಎಂದು ದಾರಿಯವರನ್ನು ಕೇಳುತ್ತ ಮುಂದೆ ಹೋದ, ನಾನು ಹಿಂದೆ. ಪೆಟ್ಟಿಗೆಯ ಪಕ್ಕ ನಿಂತು, ಕಾಲ ಬಳಿ ತಲೆಯಿಟ್ಟು, "ಅಕ್ಕಾ" ಎಂದ. ಇಪ್ಪತ್ತನಾಲ್ಕು ವರ್ಷದಲ್ಲಿ ಅವನ ಬಾಯಿಂದ ಆ ಮಾತು ನಾನು ಕೇಳಿರಲಿಲ್ಲ. ಹೊರಡುವಾಗ ಪೆಟ್ಟಿಗೆಗೆ ಹೆಗಲು ಕೊಟ್ಟ.

ಈಸ್ಟರಿನ ಹಿಂದಿನ ದಿನ ಪೂಜೆ ಮಾಡುವಂತಿಲ್ಲವೆಂದು ಫಾದರ್ ಪ್ರಾರ್ಥನೆ ಮಾತ್ರ ಹೇಳಿ ಮಣ್ಣು ಮಾಡಿಸಿದರು. ಪೂಜೆ ಸೋಮವಾರ. ಅಣ್ಣ ನಾಲ್ಕರ ಬಸ್ಸಿಗೆ ಒಬ್ಬನೇ ಹೋದ. ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಏಪ್ರಿಲ್ 21, ಸೋಮವಾರ

ಅಕ್ಕನ ಪೂಜೆ ಆಯಿತು. ಗುಡಿಯಲ್ಲಿ ವನಿತಾ ಪಕ್ಕ ಕೂತೆ. ಮನೆ ಗುಡಿಸಿ, ಬಟ್ಟೆ ಒಗೆದು, ಮಂಚ ಬಿಸಿಲಿಗೆ ಹಾಕಿ, ಬೀಗದ ಕೈ ವನಿತಾಳಿಗೆ ಕೊಟ್ಟೆ.

ನಾಳೆ ರಾಯದುರ್ಗಕ್ಕೆ. ಗೋಪಣ್ಣ ಬಸ್‌ಸ್ಟಾಂಡಿಗೆ ಬರುತ್ತೇನೆ ಎಂದ. ಬೇಡ ಎಂದೆ, ಮೊದಲು ಶಿವರಾಮಣ್ಣನ ಮನೆಗೆ ಹೋಗಬೇಕು. ಅವನು ಬಾಗಿಲು ತೆಗೆಯುವುದಿಲ್ಲ ಎಂದ ಗೋಪಣ್ಣ. ಇರಬಹುದು. ಅವರ ಜಗಲಿಗೆ ಹೊಂಗೆ ಮರದ ನೆರಳಿದೆ. ತೆಗೆಯುವವರೆಗೆ ಕುಂತಿರುತ್ತೇನೆ.